ಹುಳಕ್ಕೂ ಒಂದು ಬುತ್ತಿ

ಕೇಳುಗರಿಗೆ ಶರಣು. ನಾನು ಕಲಬುರಗಿಯವಳು. ತೊಗರಿಯ ಕಾಯಿಕೊರಕ ಹುಳದ ಮೇಲೆ ಸಂಶೋಧನೆ ಮಾಡುತ್ತೇನೆ. ನಿಮ್ಮಲ್ಲಿ ತುಂಬಾ ಜನ ಈ ಹುಳಕ್ಕೆ ಶಾಪ ಹಾಕಿದವರೇ ಇರುತ್ತೀರಿ. ನಾನು ಅದನ್ನು ಸಾಕುತ್ತೇನೆ.

ಹೌದು, ಸಾಕುವುದೇ. ಯಾವ ಔಷಧಕ್ಕೆ ಸಾಯುತ್ತದೆ, ಯಾವುದಕ್ಕೆ ಜಗ್ಗುವುದಿಲ್ಲ ಅಂತ ನೋಡಬೇಕಾದರೆ ಒಂದೇ ವಯಸ್ಸಿನ ನೂರಾರು ಹುಳು ಕೈಯಲ್ಲಿರಬೇಕು. ಅದಕ್ಕೇ ನನ್ನ ದಿನ ಅಡುಗೆಯಿಂದ ಶುರುವಾಗುತ್ತದೆ. ಕಡಲೆ ಹಿಟ್ಟು, ಯೀಸ್ಟ್, ಗಟ್ಟಿಯಾಗಲು ಅಗರ್. ಕುದಿಸಿದ ಅಗರ್ ಬೆರೆಸಿ ಮಿಕ್ಸಿಯಲ್ಲಿ ತಿರುವಬೇಕು. ಸ್ವಲ್ಪ ಆರಿದ ಮೇಲೆ ವಿಟಮಿನ್ ಸಿ ಹಾಕಬೇಕು, ಬಿಸಿಯಲ್ಲಿ ಹಾಕಿದರೆ ಕೆಡುತ್ತದೆ. ತಟ್ಟೆಗೆ ಸುರಿದು ಆರಿಸಿದರೆ ವಡಿ ಕೊಯ್ದಂತೆ ಕೊಯ್ಯಬಹುದು. ವಾಸನೆ ಥೇಟ್ ಒಗ್ಗರಣೆ ಇಲ್ಲದ ಝುಣಕ. ಸಂಜೆ ಮನೆಯಲ್ಲೂ ಝುಣಕವೇ ಇದ್ದರೆ ನಾನು ಸುಮ್ನೆ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಳ್ಳುತ್ತೇನೆ.

ಈ ಹುಳುಗಳು ಒಂದನ್ನೊಂದು ತಿನ್ನುತ್ತವೆ. ಶುರುವಿನಲ್ಲಿ ಒಮ್ಮೆ ಸೋಮಾರಿತನ ಮಾಡಿ ಎರಡನ್ನು ಒಂದೇ ಶೀಶೆಯಲ್ಲಿ ಬಿಟ್ಟಿದ್ದೆ. ಬೆಳಗ್ಗೆ ನೋಡಿದರೆ ಒಂದೇ ಇತ್ತು, ದಪ್ಪಗೆ. ಅವತ್ತಿನಿಂದ ಒಂದು ಹುಳಕ್ಕೆ ಒಂದು ಖೋಲಿ. ಒಂದೇ ತಾಯಿಯ ಮಕ್ಕಳಲ್ಲಿ ಒಂದು ಹಸಿರು, ಒಂದು ಕಂದು, ಇನ್ನೊಂದು ನಸುಗೆಂಪು. ಬೆಳಗ್ಗೆ ಮುಚ್ಚಳ ತೆಗೆದು ಯಾರು ಎಷ್ಟು ಬೆಳೆದರು ಅಂತ ನೋಡುವುದರಲ್ಲಿ ಚಹಾ ಆರಿಹೋಗುತ್ತದೆ.

ಪತಂಗವಾದ ಮೇಲೆ ಅದರ ಊಟ ಜೇನು ಬೆರೆಸಿದ ನೀರು. ಮೊಟ್ಟೆ ಇಡಲು ಒಂದು ತುಂಡು ಬಟ್ಟೆ ಕಟ್ಟುತ್ತೇವೆ. ಮರುದಿನ ಆ ಬಟ್ಟೆಯ ಮೇಲೆ ಗಸಗಸೆಗಿಂತ ಸಣ್ಣ ಮೊಟ್ಟೆಗಳು. ಮೂರ್ನಾಲ್ಕು ದಿನಕ್ಕೆ ಮರಿ.

2019ರಲ್ಲಿ ನಮ್ಮ ತೊಗರಿಗೆ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಬೆಳೆ ಅನ್ನುವ ಗುರುತು, ಬಂದಾಗ ಊರಿಗೆಲ್ಲ ಹೆಮ್ಮೆಯಾಯಿತು. ನನ್ನ ಹುಳಕ್ಕೆ ಅಂಥ ಅಭಿಮಾನವೇನೂ ಇಲ್ಲ. ಕಡಲೆ, ಹತ್ತಿ, ಟೊಮೆಟೊ, ಏನು ಸಿಕ್ಕರೂ ತಿನ್ನುತ್ತದೆ.

ತೊಗರಿ ಹೂ ಬಿಟ್ಟಾಗ ನನ್ನ ಸುಗ್ಗಿ. ಹೊಲದಲ್ಲಿ ಮೋಹಕ ಬಲೆ ಕಟ್ಟಿರುತ್ತೇವೆ. ಹೆಣ್ಣು ಪತಂಗದ ವಾಸನೆ ಇಟ್ಟ ಬಲೆ, ಬಂದು ಬೀಳುವುದು ಗಂಡು ಮಾತ್ರ. ಬೆಳಗ್ಗೆ ಇಬ್ಬನಿಯಲ್ಲಿ ಚಪ್ಪಲಿಗೆ ಎರೆಮಣ್ಣು ಮೆತ್ತಿಕೊಂಡು ಹೋಗಿ ಚೀಲ ಬಿಚ್ಚಿ ಎಣಿಸುತ್ತೇನೆ. ಚೀಲ ಖಾಲಿ ಇದ್ದರೆ ರೈತರಿಗೆ ಖುಷಿ. ನನಗೆ ಸ್ವಲ್ಪ ನಿರಾಸೆ. ಇದನ್ನು ಬಾನುಲಿಯಲ್ಲಿ ಹೇಳಬಾರದಿತ್ತೇನೋ.

ಪಕ್ಕದ ಹೊಲದ ಕಾಕಾ ಒಮ್ಮೆ ನನ್ನನ್ನು ಕರೆದು ಸಾಲಿನ ನಡುವೆ ತಾಡಪತ್ರಿ ಹಾಸಿದರು. "ಗಿಡಾ ಹಿಡದು ಝಾಡಸವಾ" ಅಂದರು. ಅಲುಗಿಸಿದೆ. ಹುಳುಗಳು ತಪತಪ ಉದುರಿ ಸುರುಳಿ ಸುತ್ತಿಕೊಂಡವು. ಈ ಪದ್ಧತಿಯನ್ನು ನಾವೂ ಈಗ ರೈತರಿಗೆ ಹೇಳುತ್ತೇವೆ, ಹೇಳಿಕೊಟ್ಟವರು ಅವರೇ. ನಾನು ಎಣಿಸಲು ಕೂತೆ. "ಎಣಿಸಿ ಏನ್ ಮಾಡ್ತಿ? ಕೋಳಿಗಿ ಹಾಕು" ಅಂದರು. ಕೋಳಿಗಳು ಆಗಲೇ ಅರ್ಧ ಮುಗಿಸಿದ್ದವು. ಆ ದಿನದ ಲೆಕ್ಕ ನನ್ನ ಪುಸ್ತಕದಲ್ಲಿ ಇವತ್ತಿಗೂ ಅರ್ಧವೇ.

ಇನ್ನೊಂದು ಖುಷಿ ಹೇಳಲೇಬೇಕು. ಎನ್‌ಪಿವಿ ಅಂತ ಒಂದು ನಂಜಾಣು, ಅಂದರೆ ವೈರಸ್ ಇದೆ. ಅದು ತಗುಲಿದ ಹುಳ ಗಿಡದ ತುದಿಗೆ ಹತ್ತಿ, ತಲೆಕೆಳಗಾಗಿ ಜೋತುಬಿದ್ದು ಸಾಯುತ್ತದೆ. ಮೈ ಒಡೆದು ಕೆಳಗಿನ ಎಲೆಗಳ ಮೇಲೆ ಸೋರಿ, ಆ ಎಲೆ ತಿಂದ ಹುಳಕ್ಕೂ ಅದೇ ಗತಿ. ನಾನು ಈ ನಂಜಾಣು ಸಿಂಪಡಿಸಿದ ಸಾಲಿನಲ್ಲಿ ಮೊದಲ ಹುಳ ಹೀಗೆ ಜೋತುಬಿದ್ದದ್ದು ಕಂಡಾಗ ಕುಣಿದುಬಿಟ್ಟೆ. ಫೋಟೋ ತೆಗೆದು ಅವ್ವಳಿಗೆ ಕಳಿಸಿದೆ. "ಊಟ ಆತೇನು?" ಅಂತ ಉತ್ತರ ಬಂತು.

ಕಳೆದ ಎಳ್ಳಮಾವಾಸ್ಯೆಗೆ ಎಲ್ಲರೂ ಹೊಲಕ್ಕೆ ಹೋಗಿದ್ದೆವು. ಸಜ್ಜೆ ರೊಟ್ಟಿ, ಭಜ್ಜಿ, ಕಡಬು. ಅವ್ವ ಭೂತಾಯಿಗೆ ಎಡೆಯಾಗಿ ಹೊಲದಲ್ಲಿ ಚರಗ ಚೆಲ್ಲುತ್ತಾ, "ತಗೋ, ನಿನ್ನ ಹುಳಕ್ಕೂ ಇರ್ಲಿ" ಅಂತ ಒಂದು ಚೂರು ಗಿಡದ ಬುಡಕ್ಕೆ ಎಸೆದಳು. ಅಲ್ಲೇ ಒಂದು ಕಾಯಿಯಲ್ಲಿ ತೂತು ಕಂಡಿತು. ಬಿಡಿಸಿದರೆ ಒಳ್ಳೆ ದುಂಡಗಿನ ಹುಳ, ನಾನು ಅದುವರೆಗೆ ನೋಡದಷ್ಟು ಕೆಂಪು. ಕೈಯಲ್ಲಿ ಶೀಶೆ ಇರಲಿಲ್ಲ. ಖಾಲಿಯಾದ ಭಜ್ಜಿ ಡಬ್ಬಿ ತೊಳೆದು ಅದರಲ್ಲೇ ತಂದೆ.

ಆ ಡಬ್ಬಿಯನ್ನು ಅವ್ವ ಇನ್ನೂ ಅಡುಗೆಮನೆಗೆ ಸೇರಿಸಿಲ್ಲ.