ಸ್ತನದ ಕ್ಯಾನ್ಸರ್ ಮೂಳೆಗೇ ಯಾಕೆ ಹೋಗುತ್ತದೆ?

ನಮಸ್ಕಾರ. ನೋಡುಗರೊಬ್ಬರು ಕೇಳಿದ ಪ್ರಶ್ನೆ ಇದು: "ಸ್ತನದ ಕ್ಯಾನ್ಸರ್ ಬೆನ್ನುಮೂಳೆಗೆ ಹೋಗಿದೆ ಅಂದರೆ ಈಗ ಅದು ಮೂಳೆ ಕ್ಯಾನ್ಸರ್ ಆಯಿತಾ? ಇಷ್ಟು ದೊಡ್ಡ ದೇಹದಲ್ಲಿ ಅದಕ್ಕೆ ಮೂಳೆಯೇ ಯಾಕೆ ಬೇಕಿತ್ತು?"

ಮೊದಲನೆಯದಕ್ಕೆ ಉತ್ತರ ಸುಲಭ. ಇಲ್ಲ, ಅದು ಈಗಲೂ ಸ್ತನದ ಕ್ಯಾನ್ಸರೇ. ಆ ಮೂಳೆಯಿಂದ ಒಂದು ಚೂರು ತೆಗೆದು ಮೈಕ್ರೋಸ್ಕೋಪ್ ಕೆಳಗಿಟ್ಟರೆ ಅಲ್ಲಿ ಗುಂಪುಗುಂಪಾಗಿ ಕಾಣುವುದು ಸ್ತನದಿಂದ ಬಂದ ಜೀವಕೋಶಗಳು. ಚಿಕಿತ್ಸೆಯನ್ನೂ ಹಾಗೇ ನೋಡಿ ಆರಿಸುತ್ತಾರೆ. ಎರಡನೇ ಪ್ರಶ್ನೆ ಮಾತ್ರ ವಿಜ್ಞಾನಿಗಳನ್ನು 130 ವರ್ಷಕ್ಕೂ ಜಾಸ್ತಿ ಕಾಲದಿಂದ ಕಾಡುತ್ತಿದೆ.

ಕ್ಯಾನ್ಸರ್ ಶುರುವಾಗುವುದು ಹೇಗೆ ಅಂತ ಬೇಗ ಹೇಳಿ ಮುಂದೆ ಹೋಗುತ್ತೇನೆ. ಜೀವಕೋಶ ಒಡೆದು ಎರಡಾಗುವ ಮೊದಲು ಡಿಎನ್‌ಎ ನಕಲಾಗುತ್ತದೆ. ನಕಲಿನಲ್ಲಿ ತಪ್ಪಾಗುತ್ತದೆ. ಹೊಗೆ, ಬಿಸಿಲು, ವಯಸ್ಸು ಇನ್ನಷ್ಟು ತಪ್ಪು ಸೇರಿಸುತ್ತವೆ. ಬೆಳೆಯಲು ಹೇಳುವ ಜೀನ್ ಬಾಯಿ ಮುಚ್ಚುವುದಿಲ್ಲ, ತಡೆಯುವ ಜೀನ್ ಕೆಟ್ಟು ಕೂರುತ್ತದೆ. ಟಿಪಿ53 ಅನ್ನುವ ತಡೆಯುವ ಜೀನ್ ಸುಮಾರು ಅರ್ಧದಷ್ಟು ಕ್ಯಾನ್ಸರ್‌ಗಳಲ್ಲಿ ಕೆಟ್ಟಿರುತ್ತದೆ. ಹೀಗೆ ಒಂದು ಗಡ್ಡೆ ಹುಟ್ಟುತ್ತದೆ. ಆದರೆ ಹೆಚ್ಚಿನ ಸಾವುಗಳಿಗೆ ಕಾರಣ ಆ ಮೊದಲ ಗಡ್ಡೆಯಲ್ಲ, ಅದು ಹರಡುವುದು.

[ಪರದೆಯ ಮೇಲೆ: 1889, ಲಂಡನ್]

ಸ್ಟೀಫನ್ ಪ್ಯಾಜೆಟ್ ಅಂತ ಒಬ್ಬ ಸರ್ಜನ್. ಸ್ತನದ ಕ್ಯಾನ್ಸರ್‌ನಿಂದ ತೀರಿಕೊಂಡ 735 ಹೆಂಗಸರ ಮರಣೋತ್ತರ ದಾಖಲೆಗಳನ್ನು ಕೂಡಿಹಾಕಿದ. 241 ಜನರ ಲಿವರ್‌ನಲ್ಲಿ ಕ್ಯಾನ್ಸರ್ ಇತ್ತು. ಗುಲ್ಮದಲ್ಲಿ, ಅಂದರೆ ಸ್ಪ್ಲೀನ್‌ನಲ್ಲಿ? ಬರೀ 17. ಗುಲ್ಮಕ್ಕೂ ರಕ್ತ ಧಾರಾಳವಾಗಿಯೇ ಹೋಗುತ್ತದೆ ಅಲ್ವಾ? ಕ್ಯಾನ್ಸರ್ ಕೋಶಗಳು ರಕ್ತ ಕರೆದುಕೊಂಡು ಹೋದಲ್ಲೆಲ್ಲ ಸುಮ್ನೆ ನೆಲೆಯೂರುವುದಾದರೆ ಇಷ್ಟೊಂದು ವ್ಯತ್ಯಾಸ ಬರಬಾರದಿತ್ತು. ಪ್ಯಾಜೆಟ್ ಬರೆದದ್ದು ಇಷ್ಟು: ಗಿಡದ ಬೀಜ ನಾಲ್ಕೂ ದಿಕ್ಕಿಗೆ ಹಾರುತ್ತದೆ, ಆದರೆ ತನಗೆ ಒಗ್ಗುವ ಮಣ್ಣಿನಲ್ಲಿ ಬಿದ್ದರೆ ಮಾತ್ರ ಬದುಕುತ್ತದೆ.

1928ರಲ್ಲಿ ಅಮೆರಿಕದ ಜೇಮ್ಸ್ ಯೂಯಿಂಗ್ ಇದನ್ನು ಒಪ್ಪಲಿಲ್ಲ. ರಕ್ತನಾಳಗಳ ದಾರಿಯೇ ಎಲ್ಲವನ್ನೂ ವಿವರಿಸುತ್ತದೆ ಅಂದರು. ಆ ಮಾತೇ ದಶಕಗಳ ಕಾಲ ನಡೆಯಿತು. ಅದರಲ್ಲಿ ಸತ್ಯವೂ ಇದೆ. ದೊಡ್ಡ ಕರುಳಿನ ರಕ್ತ ಮೊದಲು ಲಿವರ್‌ಗೆ ಹೋಗುತ್ತದೆ, ಆ ಕ್ಯಾನ್ಸರ್ ಜಾಸ್ತಿ ಹರಡುವುದೂ ಲಿವರ್‌ಗೇ. ಹಾಗಾದರೆ ಯಾರು ಸರಿ?

ಇದನ್ನು ಮನುಷ್ಯರ ಮೇಲೆ ಪ್ರಯೋಗ ಮಾಡಿ ನೋಡುವ ಹಾಗಿಲ್ಲ. ಕ್ಯಾನ್ಸರ್ ಕೋಶಗಳನ್ನು ರಕ್ತಕ್ಕೆ ಬಿಟ್ಟು ಏನಾಗುತ್ತದೆ ಅಂತ ಯಾರಾದರೂ ಕಾಯುತ್ತಾರಾ? ಆದರೆ ಬೇರೆ ಕಾರಣಕ್ಕೆ ಹೆಚ್ಚುಕಮ್ಮಿ ಅದೇ ಆಯಿತು. ನಾನು ಈ ವಿಡಿಯೋ ಮಾಡಲು ಕಾರಣವೇ ಈ ಭಾಗ, ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಅಂಡಾಶಯದ ಕ್ಯಾನ್ಸರ್‌ನಂಥ ಕೆಲವು ಕಾಯಿಲೆಗಳು ಬಲಿತಾಗ ಹೊಟ್ಟೆಯೊಳಗೆ ನೀರು ತುಂಬಿಕೊಳ್ಳುತ್ತದೆ. ಲೀಟರ್‌ಗಟ್ಟಲೆ. ಹೊಟ್ಟೆ ಬಿಗಿಯುತ್ತದೆ, ಊಟ ಸೇರುವುದಿಲ್ಲ, ಮಲಗಿದರೆ ಉಸಿರಾಡುವುದೂ ಕಷ್ಟ. ಸೂಜಿ ಹಾಕಿ ತೆಗೆದರೆ ಮತ್ತೆ ತುಂಬುತ್ತದೆ. ಅದಕ್ಕೆ ವೈದ್ಯರು ಒಂದು ಸಣ್ಣ ಕೊಳವೆ ಅಳವಡಿಸುತ್ತಿದ್ದರು. ಒಂದು ತುದಿ ಹೊಟ್ಟೆಯ ನೀರಿನಲ್ಲಿ. ಕೊಳವೆ ಚರ್ಮದ ಕೆಳಗೇ ಎದೆಯ ಮೇಲೆ ಹಾದು, ಇನ್ನೊಂದು ತುದಿ ಕತ್ತಿನ ದೊಡ್ಡ ರಕ್ತನಾಳದೊಳಗೆ. ಮಧ್ಯೆ ಒಂದೇ ಕಡೆಗೆ ತೆರೆಯುವ ವಾಲ್ವ್. ಹೊಟ್ಟೆಯ ನೀರು ತಾನಾಗಿಯೇ ರಕ್ತಕ್ಕೆ ಸೇರುತ್ತದೆ, ಹೊಟ್ಟೆ ಇಳಿಯುತ್ತದೆ, ರೋಗಿಗೆ ಉಸಿರು ಬರುತ್ತದೆ.

ಆದರೆ ಆ ನೀರಿನ ತುಂಬ ಜೀವಂತ ಕ್ಯಾನ್ಸರ್ ಕೋಶಗಳಿದ್ದವು! ಲಕ್ಷಾಂತರ ಕೋಶಗಳು, ಹಗಲು ರಾತ್ರಿ, ನೇರವಾಗಿ ರಕ್ತಕ್ಕೆ. ಅಲ್ಲಿಂದ ಹೃದಯ, ಹೃದಯದಿಂದ ಶ್ವಾಸಕೋಶದ ಕೂದಲಿಗಿಂತ ಸಣ್ಣ ನಾಳಗಳು. ಯೂಯಿಂಗ್ ಹೇಳಿದ್ದೇ ಪೂರ್ತಿ ಸರಿಯಾಗಿದ್ದರೆ ಶ್ವಾಸಕೋಶದ ತುಂಬ ಗಡ್ಡೆಗಳು ಏಳಬೇಕಿತ್ತು. ವೈದ್ಯರಿಗೂ ಅದೇ ಭಯ.

ಆಕ್ಸ್‌ಫರ್ಡ್‌ನ ಡೇವಿಡ್ ಟ್ಯಾರಿನ್ ಮತ್ತು ಜೊತೆಗಾರರು ಈ ರೋಗಿಗಳನ್ನು ಕೊನೆಯವರೆಗೆ ಗಮನಿಸಿ, ತೀರಿಕೊಂಡ ಮೇಲೆ ಅಂಗಾಂಗಗಳನ್ನು ಪರೀಕ್ಷಿಸಿ, 1984ರಲ್ಲಿ ವರದಿ ಮಾಡಿದರು. ಕೊಳವೆಯಿಂದಾಗಿ ಪ್ರಾಣಕ್ಕೆ ಕುತ್ತು ತರುವಂಥ ಹೊಸ ಗಡ್ಡೆಗಳು ಹೆಚ್ಚಿರಲಿಲ್ಲ. ಹಲವರ ಶ್ವಾಸಕೋಶದಲ್ಲಿ ಏನೂ ಇರಲಿಲ್ಲ. ಕೆಲವರಲ್ಲಿ ಕೋಶಗಳು ಚಿಕ್ಕ ಚಿಕ್ಕ ಗುಂಪಾಗಿ ಬಂದು ಕೂತಿದ್ದವು, ಆದರೆ ಬೆಳೆದಿರಲಿಲ್ಲ. ಆ ಕಾಯಿಲೆಯ ನಡುವೆಯೂ ಈ ರೋಗಿಗಳು ಅಧ್ಯಯನಕ್ಕೆ ಒಪ್ಪಿದರು, ಮನೆಯವರು ಮರಣೋತ್ತರ ಪರೀಕ್ಷೆಗೆ ಒಪ್ಪಿದರು. ಅವರು ಒಪ್ಪದಿದ್ದರೆ ಇದು ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಅದಕ್ಕೂ ಮೊದಲೇ, 1970ರಲ್ಲಿ, ಐಸಾಯ ಫಿಡ್ಲರ್ ವಿಕಿರಣದ ಗುರುತು ಹಾಕಿದ ಕ್ಯಾನ್ಸರ್ ಕೋಶಗಳನ್ನು ಇಲಿಗಳ ರಕ್ತಕ್ಕೆ ಬಿಟ್ಟು ಎಣಿಸಿದ್ದರು. 24 ಗಂಟೆ ಕಳೆಯುವಷ್ಟರಲ್ಲಿ ನೂರಕ್ಕೆ ಒಂದು ಕೋಶವೂ ಬದುಕಿರಲಿಲ್ಲ. ಹಾಗಾಗಿ ಕ್ಯಾನ್ಸರ್ ಕೋಶಕ್ಕೆ ಪ್ರಯಾಣಕ್ಕಿಂತ ಹೋದ ಜಾಗದಲ್ಲಿ ಬಾಳುವುದೇ ಕಷ್ಟ.

ಇಲ್ಲೇ ಒಂದು ಮಾತು ಹೇಳಲೇಬೇಕು. "ಸೂಜಿ ಚುಚ್ಚಿಸಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ" ಅಂತ ಬಯಾಪ್ಸಿಯನ್ನೇ, ಅಂದರೆ ಗಡ್ಡೆಯ ಚೂರು ತೆಗೆದು ಪರೀಕ್ಷಿಸುವುದನ್ನೇ, ಬೇಡ ಅನ್ನುವವರಿದ್ದಾರೆ. ಸೂಜಿ ಹೋದ ದಾರಿಯಲ್ಲಿ ಗಡ್ಡೆ ಬೆಳೆಯುವುದು ಬಹಳ ಅಪರೂಪ. ಬಯಾಪ್ಸಿ ಮುಂದೂಡಿ ಕಳೆದ ತಿಂಗಳುಗಳಿಂದ ಆಗುವ ನಷ್ಟ ಅದಕ್ಕಿಂತ ಎಷ್ಟೋ ದೊಡ್ಡದು. ದಯವಿಟ್ಟು ಈ ಭಯಕ್ಕೆ ಕಾಯಿಲೆಯನ್ನು ಬೆಳೆಯಲು ಬಿಡಬೇಡಿ.

ಸರಿ, ಮೂಳೆಗೆ ಬರೋಣ.

[ಪರದೆಯ ಮೇಲೆ: ಮೂಳೆಯ ಒಳಭಾಗ]

ಮೂಳೆ ನೋಡಲು ಕಲ್ಲಿನ ಹಾಗಿದ್ದರೂ ಅಲ್ಲಿ ಯಾವಾಗಲೂ ಕೆಲಸ ನಡೆಯುತ್ತಿರುತ್ತದೆ. ಕೆಲವು ಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತವೆ, ಕೆಲವು ಹೊಸದನ್ನು ಕಟ್ಟುತ್ತವೆ. ಸ್ತನದ ಕ್ಯಾನ್ಸರ್ ಕೋಶ ಇಲ್ಲಿಗೆ ಬಂದು ಪಿಟಿಎಚ್‌ಆರ್‌ಪಿ ಅನ್ನುವ ಪ್ರೋಟೀನ್ ಬಿಡುತ್ತದೆ. ಅದು ತಾಗಿದಾಗ ಕಟ್ಟುವ ಕೋಶಗಳು ರ‍್ಯಾಂಕ್‌ಎಲ್ ಅನ್ನುವ ಇನ್ನೊಂದು ಪ್ರೋಟೀನ್ ಹೆಚ್ಚಿಸುತ್ತವೆ. ರ‍್ಯಾಂಕ್‌ಎಲ್ ಸಿಕ್ಕರೆ ಕರಗಿಸುವ ಕೋಶಗಳು ಜಾಸ್ತಿಯಾಗುತ್ತವೆ. ಮೂಳೆ ಕರಗಿದಂತೆ ಅದರೊಳಗೆ ಹುದುಗಿದ್ದ ಟಿಜಿಎಫ್-ಬೀಟಾದಂಥ ಪ್ರೋಟೀನ್‌ಗಳು ಹೊರಬರುತ್ತವೆ. ಅವು ತಾಗಿದ ಕ್ಯಾನ್ಸರ್ ಕೋಶ ಇನ್ನಷ್ಟು ಪಿಟಿಎಚ್‌ಆರ್‌ಪಿ ಬಿಡುತ್ತದೆ. ಮತ್ತೆ ಕರಗುತ್ತದೆ, ಮತ್ತೆ ಬೆಳೆಯುತ್ತದೆ.

ಪ್ಯಾಜೆಟ್ ಹೇಳಿದ "ಒಗ್ಗುವ ಮಣ್ಣು" ಸ್ತನದ ಕ್ಯಾನ್ಸರ್‌ಗೆ ಇದೇ. ಈ ಸುತ್ತನ್ನು ತಡೆಯುವ ಔಷಧಿಗಳೂ ಇವೆ. ಡೆನೋಸುಮ್ಯಾಬ್ ರ‍್ಯಾಂಕ್‌ಎಲ್ ಅನ್ನೇ ಹಿಡಿದು ನಿಲ್ಲಿಸುತ್ತದೆ. ಜೊಲೆಡ್ರಾನಿಕ್ ಆಸಿಡ್ ಕರಗಿಸುವ ಕೋಶಗಳನ್ನು ಹತ್ತಿಕ್ಕುತ್ತದೆ. ಇವು ಕ್ಯಾನ್ಸರ್ ವಾಸಿ ಮಾಡುವುದಿಲ್ಲ, ಆದರೆ ಮೂಳೆ ಮುರಿಯುವುದನ್ನು ಕಡಿಮೆ ಮಾಡುತ್ತವೆ. ಬೆನ್ನುಮೂಳೆ ಮುರಿಯದೆ ನಡೆದಾಡಿಕೊಂಡಿರುವುದು ಸಣ್ಣ ವಿಷಯವಲ್ಲ.

ಸಮಯ ಓಡುತ್ತಿದೆ, ಉಳಿದವನ್ನು ಒಟ್ಟಿಗೆ ಹೇಳಿಬಿಡುತ್ತೇನೆ. "ಹರಡಿಸುವ ಜೀನ್" ಅಂತ ಒಂದಿದೆಯಾ ಅಂದರೆ, ಎಲ್ಲ ಕ್ಯಾನ್ಸರ್‌ಗಳಿಗೂ ಅನ್ವಯಿಸುವಂಥದ್ದು ಸಿಕ್ಕಿಲ್ಲ. ಮೊದಲ ಗಡ್ಡೆಯಲ್ಲಿದ್ದ ಮುಖ್ಯ ತಪ್ಪುಗಳೇ ಹರಡಿದ ಗಡ್ಡೆಯಲ್ಲೂ ಬಹುಪಾಲು ಇರುತ್ತವೆ. ಬದಲಾಗುವುದು ಜಾಸ್ತಿ ಯಾವ ಜೀನ್ ಯಾವಾಗ ಕೆಲಸ ಮಾಡುತ್ತದೆ ಅನ್ನುವುದು. ಇನ್ನೊಂದು: ಕ್ಯಾನ್ಸರ್ ಕೋಶಗಳು ಎಕ್ಸೋಸೋಮ್ ಅನ್ನುವ ಅತಿ ಸಣ್ಣ ಚೀಲಗಳನ್ನು ಮೊದಲೇ ಕಳಿಸಿ ದೂರದ ಅಂಗವನ್ನು ಸಿದ್ಧಮಾಡಿಕೊಳ್ಳುತ್ತವೆ. 2015ರಲ್ಲಿ ಡೇವಿಡ್ ಲೈಡನ್ ತಂಡ, ಶ್ವಾಸಕೋಶಕ್ಕೆ ಹೋಗುವ ಕ್ಯಾನ್ಸರ್‌ನ ಎಕ್ಸೋಸೋಮ್‌ಗಳನ್ನು ಇಲಿಗಳಿಗೆ ಕೊಟ್ಟಿತು. ಮೂಳೆಗೆ ಹೋಗಬೇಕಿದ್ದ ಕ್ಯಾನ್ಸರ್ ಕೋಶಗಳು ಶ್ವಾಸಕೋಶದಲ್ಲಿ ಬೆಳೆದವು!

ಕೊನೆಯದು, ಬೆಳೆಯದೆ ಕೂತ ಆ ಚಿಕ್ಕ ಗುಂಪುಗಳು. ಹಾರ್ಮೋನ್‌ಗೆ ಸ್ಪಂದಿಸುವ ಸ್ತನದ ಕ್ಯಾನ್ಸರ್ 15–20 ವರ್ಷದ ನಂತರವೂ ಮರಳಬಹುದು, ಏಕೆಂದರೆ ಕೋಶಗಳು ಅಷ್ಟು ಕಾಲ ಸದ್ದಿಲ್ಲದೆ ಇರಬಲ್ಲವು. ಅವನ್ನು ಎಬ್ಬಿಸುವುದು ಏನು? 2018ರಲ್ಲಿ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದವರು ಇಲಿಗಳಲ್ಲಿ ಒಂದು ಕಾರಣ ಕಂಡುಕೊಂಡರು: ತಂಬಾಕಿನ ಹೊಗೆ. ಹೊಗೆಯಿಂದ ಶ್ವಾಸಕೋಶದಲ್ಲಿ ಉರಿಯೂತ ಎದ್ದಾಗ, ಕೆಲವು ಬಿಳಿ ರಕ್ತಕಣಗಳು ತಮ್ಮ ಡಿಎನ್‌ಎಯನ್ನೇ ಬಲೆಯಂತೆ ಹೊರಚೆಲ್ಲುತ್ತವೆ. ಆ ಬಲೆಯಲ್ಲಿರುವ ಕಿಣ್ವಗಳು ಸುತ್ತಲಿನ ಲ್ಯಾಮಿನಿನ್ ಅನ್ನುವ ಪ್ರೋಟೀನನ್ನು ಕತ್ತರಿಸುತ್ತವೆ. ಹಾಗೆ ಕತ್ತರಿಸಿದ ಲ್ಯಾಮಿನಿನ್ ತಾಗಿದ ಕ್ಯಾನ್ಸರ್ ಕೋಶಗಳು ಮತ್ತೆ ಒಡೆಯಲು ಶುರುಮಾಡಿದವು. ಅದೇ ಲ್ಯಾಮಿನಿನ್‌ಗೆ ಅಂಟುವ ಆ್ಯಂಟಿಬಾಡಿ ಕೊಟ್ಟ ಇಲಿಗಳಲ್ಲಿ ಕೋಶಗಳು ಏಳುವುದು ತಪ್ಪಿತು.