ವಿಚಿತ್ರ ತಾಣಗಳಿಗೆ ಹೊರಡುವ ಮುಂಚೆ

ಎಲ್ಲರಿಗೂ ನಮಸ್ಕಾರ.

ವಿಚಿತ್ರ ಜಾಗಗಳ ಫೋಟೋ ನಾವೆಲ್ಲ ದಿನಾ ನೋಡುತ್ತೇವೆ. ನೋಡಿದ ಕೂಡಲೇ ಟಿಕೆಟ್ ಹುಡುಕುತ್ತೇವೆ. ಸ್ವಲ್ಪ ತಡೆಯಿರಿ. ಅದು ಯಾಕೆ ಹಾಗಾಗುತ್ತದೆ ಅಂತ ಮೊದಲು ತಿಳಿದುಕೊಳ್ಳಿ. ಕಾರಣ ಗೊತ್ತಾದರೆ ಯಾವ ತಿಂಗಳು ಹೋಗಬೇಕು, ಎಲ್ಲಿ ಕಾಲಿಡಬಾರದು ಅನ್ನೋದೂ ಗೊತ್ತಾಗುತ್ತದೆ.

ಅಮೆರಿಕದ ಡೆತ್ ವ್ಯಾಲಿಯಲ್ಲಿ ರೇಸ್‌ಟ್ರ್ಯಾಕ್ ಪ್ಲಾಯಾ ಅನ್ನುವ ಒಣಗಿದ ಕೆರೆಯಿದೆ. ಬಿರುಕು ಬಿಟ್ಟ ಮಣ್ಣಿನ ಮೇಲೆ ಅಲ್ಲಲ್ಲಿ ಕಲ್ಲುಗಳು. ಅವುಗಳ ಹಿಂದೆ ಯಾರೋ ಎಳೆದುಕೊಂಡು ಬಂದ ಹಾಗೆ ಉದ್ದನೆಯ ಗೆರೆ. ಕೆಲವು ಗೆರೆ ನೆಟ್ಟಗೆ, ಕೆಲವು ಥಟ್ಟನೆ ತಿರುಗಿದವು. 1948ರಿಂದಲೂ ಭೂವಿಜ್ಞಾನಿಗಳು ಇದರ ಬೆನ್ನು ಹತ್ತಿದ್ದರು. ಬಿರುಗಾಳಿ ಅಂದರು, ದಪ್ಪ ಮಂಜುಗಡ್ಡೆ ಅಂದರು. ಯಾರೋ ತಮಾಷೆಗೆ ಎಳೆದದ್ದು ಅಂದವರೂ ಇದ್ದರು. ಕಲ್ಲು ಚಲಿಸುವುದನ್ನು ನೋಡಿ ದಾಖಲಿಸಿದವರು ಮಾತ್ರ ಇರಲಿಲ್ಲ.

ರಿಚರ್ಡ್ ನಾರಿಸ್ ಮತ್ತು ಜೇಮ್ಸ್ ನಾರಿಸ್ ಅವರ ತಂಡ ಜಿಪಿಎಸ್ ಕೂರಿಸಿದ 15 ಕಲ್ಲುಗಳನ್ನು ಅಲ್ಲಿಟ್ಟು ಕಾಯಿತು. ಸುಮ್ನೆ ಕಾಯುವುದೇ ಅವರ ಪ್ರಯೋಗ! 2013ರ ಡಿಸೆಂಬರ್‌ನಲ್ಲಿ ಅವರ ಕಣ್ಣೆದುರೇ ಕಲ್ಲುಗಳು ಹೊರಟವು. ಆಗಿದ್ದಿಷ್ಟೇ. ಕೆರೆಯಲ್ಲಿ ಕೆಲವೇ ಸೆಂಟಿಮೀಟರ್ ನೀರು ನಿಂತಿತ್ತು. ರಾತ್ರಿ ಅದರ ಮೇಲೆ 3ರಿಂದ 6 ಮಿಲಿಮೀಟರ್ ದಪ್ಪದ ಮಂಜುಗಡ್ಡೆ ಕಟ್ಟಿತು. ಬಿಸಿಲೇರಿದಾಗ ಅದು ದೊಡ್ಡ ದೊಡ್ಡ ಹಾಳೆಗಳಾಗಿ ಒಡೆಯಿತು. ಹಗುರ ಗಾಳಿ ಆ ಹಾಳೆಗಳನ್ನು ತಳ್ಳಿತು, ಹಾಳೆಗಳು ಕಲ್ಲನ್ನು ತಳ್ಳಿದವು. ಕೆಳಗೆ ಜಾರುವ ಕೆಸರು ಇತ್ತಲ್ಲ! ನಿಮಿಷಕ್ಕೆ ಕೆಲವೇ ಮೀಟರ್ ವೇಗ. ಬಿರುಗಾಳಿಯೂ ಬೇಕಾಗಲಿಲ್ಲ, ದಪ್ಪ ಮಂಜುಗಡ್ಡೆಯೂ ಬೇಕಾಗಲಿಲ್ಲ.

ಮಳೆ, ಚಳಿ, ಬಿಸಿಲು, ಗಾಳಿ ಎಲ್ಲ ಇದೇ ಸಾಲಿನಲ್ಲಿ ಬರಬೇಕು. ಆದ್ದರಿಂದ ಕಲ್ಲು ಕದಲುವುದನ್ನು ನೋಡುವ ಆಸೆ ಬಿಟ್ಟುಬಿಡಿ, ಗೆರೆಗಳನ್ನು ನೋಡಲು ಹೋಗಿ. ನೆಲ ಒದ್ದೆಯಿದ್ದರೆ ಇಳಿಯಲೇಬೇಡಿ. ಕಲ್ಲಿನ ಗೆರೆಯನ್ನು ಉಳಿಸುವ ಕೆಸರು ನಿಮ್ಮ ಹೆಜ್ಜೆಯನ್ನೂ ವರ್ಷಗಟ್ಟಲೆ ಉಳಿಸುತ್ತದೆ. ಅಲ್ಲಿಂದ ಕಲ್ಲು ಕದ್ದೊಯ್ಯುವವರೂ ಇದ್ದಾರೆ. ಮನೆಗೆ ತಂದರೆ ಅದು ಬರೀ ಕಲ್ಲು, ಅಲ್ವಾ?

ಬೊಲಿವಿಯಾದ ಸಾಲಾರ್ ದೆ ಉಯುನಿ 10,000 ಚದರ ಕಿಲೋಮೀಟರ್‌ಗೂ ದೊಡ್ಡ ಉಪ್ಪಿನ ಬಯಲು. ಇಷ್ಟಗಲದಲ್ಲಿ ಏರಿಳಿತ ಒಂದು ಮೀಟರ್‌ನಷ್ಟೂ ಇಲ್ಲ. ಉಪಗ್ರಹಗಳ ಎತ್ತರ ಅಳೆಯುವ ಉಪಕರಣಗಳನ್ನು ಸರಿಹೊಂದಿಸಲು ಇದನ್ನು ಬಳಸುವಷ್ಟು ಸಮತಟ್ಟು. ಹಾಗಾಗಿಯೇ ಮಳೆನೀರು ತೆಳುವಾಗಿ ಹರಡಿ ಇಡೀ ಆಕಾಶ ಕಾಲ ಕೆಳಗೆ ಕಾಣುತ್ತದೆ. ಆದರೆ ಈ ಕನ್ನಡಿ ಬೇಕಿದ್ದರೆ ಮಳೆಗಾಲದಲ್ಲೇ ಹೋಗಬೇಕು, ಅಂದರೆ ಡಿಸೆಂಬರ್‌ನಿಂದ ಮಾರ್ಚ್ ಒಳಗೆ. ಜುಲೈನಲ್ಲಿ ಹೋದರೆ ಸಿಗುವುದು ಒಣ ಉಪ್ಪಿನ ಮೇಲಿನ ಜೇನುಗೂಡಿನಂಥ ಗೆರೆಗಳು. ನನಗೆ ಅದೇ ಜಾಸ್ತಿ ಇಷ್ಟ, ಆ ಮಾತು ಬೇರೆ. ಎತ್ತರ 3,650 ಮೀಟರ್ ಇರುವುದರಿಂದ ಮೊದಲೆರಡು ದಿನ ಓಡಾಟ ಕಡಿಮೆ ಇಟ್ಟುಕೊಳ್ಳಿ.

ನ್ಯೂಜಿಲೆಂಡಿನ ವೈಟೊಮೊ ಗುಹೆಗಳಿಗೆ ಋತುವಿನ ಕಾಟವಿಲ್ಲ. ಚಾವಣಿಯಲ್ಲಿ ನೀಲಿ ಚುಕ್ಕೆಗಳು ಮಿನುಗುತ್ತವೆ. ಬಹಳ ಚೆಂದ, ಆದರೆ ಅದೊಂದು ಬಲೆ. ಸೊಳ್ಳೆಯಂಥ ಒಂದು ಕೀಟದ ಮರಿಹುಳಗಳು ಅಂಟಿನ ಎಳೆಗಳನ್ನು ಇಳಿಬಿಟ್ಟು, ಬೆಳಕು ತೋರಿಸಿ ಹುಳುಗಳನ್ನು ಕರೆಯುತ್ತವೆ. ಬೆಳೆದು ರೆಕ್ಕೆ ಬಂದ ಮೇಲೆ ಅದಕ್ಕೆ ತಿನ್ನುವ ಬಾಯೇ ಇರುವುದಿಲ್ಲ, ಕೆಲವೇ ದಿನದ ಬದುಕು. ಒಳಗೆ ದೀಪ ಹಚ್ಚಬೇಡಿ, ಗಲಾಟೆ ಮಾಡಬೇಡಿ.

ಇನ್ನು, ಹೋಗಲಾಗದ ಒಂದು ಜಾಗ. ಮೆಕ್ಸಿಕೋದ ನೈಕಾ ಗಣಿಯಲ್ಲಿ 2000ದಲ್ಲಿ ಒಂದು ಗುಹೆ ಸಿಕ್ಕಿತು. ಒಳಗೆ 11 ಮೀಟರ್‌ವರೆಗಿನ ಜಿಪ್ಸಂ ಹರಳುಗಳು. ಉಷ್ಣತೆ ಸುಮಾರು 58 ಡಿಗ್ರಿ, ಗಾಳಿಯ ತುಂಬ ತೇವ. ಬೆವರು ಆರುವುದಿಲ್ಲವಾದ್ದರಿಂದ ರಕ್ಷಣೆಯಿಲ್ಲದೆ ಹತ್ತು ನಿಮಿಷ ನಿಲ್ಲುವುದೂ ಕಷ್ಟ. ಗಣಿಯವರು ನೀರು ಹೊರಗೆ ಹಾಕುತ್ತಿದ್ದದ್ದರಿಂದಲೇ ಆ ಗುಹೆ ಕಣ್ಣಿಗೆ ಬಿದ್ದದ್ದು. ಪಂಪ್ ನಿಂತ ಮೇಲೆ ಮತ್ತೆ ನೀರು ತುಂಬಿತು. ನಮಗೆ ನಷ್ಟ, ಹರಳಿಗಲ್ಲ. ಅವು ಬೆಳೆದದ್ದೇ ಆ ಬಿಸಿನೀರಿನಲ್ಲಿ.

ಪ್ರಶ್ನೆಗಳಿದ್ದರೆ ಕೇಳಿ.