ಹೆನ್ ಡೊಮೆನ್: ಮಣ್ಣು ಮತ್ತು ಮರದ ಗಡಿಕೋಟೆ

ಕೇಳುಗರಿಗೆ ನಮಸ್ಕಾರ. ಕೋಟೆಯೆಂದರೆ ಕಲ್ಲಿನದೇ ಎಂದು ನಂಬಿದವರಿಗೆ ಇಂದಿನ ಕೋಟೆ ಕೊಂಚ ನಿರಾಸೆಯನ್ನೇ ತಂದೀತು. ಇಂಗ್ಲೆಂಡಿನ ಗಡಿಗೆ ತಾಗಿದಂತೆ, ವೇಲ್ಸಿನ ಮಾಂಟ್‌ಗೊಮರಿ ಎಂಬ ಸಣ್ಣ ಪಟ್ಟಣದ ಹೊರಗೆ, ಮರಗಿಡಗಳು ಮುಸುಕಿದ ಒಂದು ಮಣ್ಣಿನ ದಿಬ್ಬವಿದೆ. ಅದರ ಮಗ್ಗುಲಿಗೆ ಜೋಡಿ ಒಡ್ಡುಗಳೂ ಜೋಡಿ ಕಂದಕಗಳೂ ಬಳಸಿದ ಒಂದು ಅಂಗಳವಿದೆ. ಇದೇ ಹೆನ್ ಡೊಮೆನ್.

1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ ದೊರೆ ವಿಲಿಯಂ, ಈ ಗಡಿಯ ಕಾವಲನ್ನು ತನ್ನ ಆಪ್ತ ರೋಜರನಿಗೆ ಒಪ್ಪಿಸಿ ಅವನನ್ನು ಶ್ರೂಸ್‌ಬರಿಯ ಅರ್ಲ್ ಪದವಿಗೇರಿಸಿದನು. ಸೆವರ್ನ್ ನದಿಯನ್ನು ಕಾಲ್ನಡಿಗೆಯಲ್ಲೇ ದಾಟಬಹುದಾಗಿದ್ದ ರಿಡ್‌ವೈಮನ್ ಎಂಬ ಕಡವಿನ ಮೇಲೆ ಕಣ್ಣಿಡಲು ರೋಜರನು 1070ರ ದಶಕದಲ್ಲಿ ಈ ಕೋಟೆಯನ್ನು ಎಬ್ಬಿಸಿ, ಫ್ರಾನ್ಸಿನ ನಾರ್ಮಂಡಿಯಲ್ಲಿದ್ದ ತನ್ನ ಮನೆತನದ ಊರಿನ ಹೆಸರನ್ನೇ ಅದಕ್ಕೆ ಇಟ್ಟನು. ವಿಲಿಯಂ ಬರೆಸಿದ ಭೂಮಿಕಾಣಿಯ ಲೆಕ್ಕವಾದ 1086ರ ಡೂಮ್ಸ್‌ಡೇ ದಫ್ತರದಲ್ಲಿ ಅದು ಮಾಂಟ್‌ಗೊಮರಿ ಎಂದೇ ದಾಖಲಾಗಿದೆ. 1095ರಲ್ಲಿ ವೇಲ್ಸಿನವರು ಅದನ್ನು ವಶಪಡಿಸಿಕೊಂಡು ಕಾವಲಿನವರನ್ನು ಕೊಂದರು.

ಈ ಕೋಟೆಯ ಬಗ್ಗೆ ಬರಹಗಳು ಹೇಳುವುದು ಸ್ವಲ್ಪ, ಮಣ್ಣು ಹೇಳಿದ್ದೇ ಬಹಳ. ಪುರಾತತ್ತ್ವಜ್ಞ ಫಿಲಿಪ್ ಬಾರ್ಕರ್ ಅವರು 1960ರಲ್ಲಿ ಆರಂಭಿಸಿ, ಮುಂದೆ ರಾಬರ್ಟ್ ಹೈಯಮ್ ಅವರೊಡಗೂಡಿ ನಡೆಸಿದ ಉತ್ಖನನ 1992ರವರೆಗೂ ಸಾಗಿತು. ನೆಟ್ಟ ಕಂಬ ಕೊಳೆತು ಹೋದರೂ ಅದು ನಿಂತಿದ್ದ ಗುಳಿಯ ಮಣ್ಣು ಬೇರೆಯದೇ ಬಣ್ಣದಲ್ಲಿ ಉಳಿಯುತ್ತದೆ. ಆ ಬಣ್ಣದ ಬೆನ್ನು ಹತ್ತಿ, ಇಷ್ಟಿಷ್ಟೇ ಮಣ್ಣನ್ನು ಕರಣೆಯಿಂದ ಕೆರೆಯುತ್ತಾ ಅವರು ಅಂಗಳದ ಒಂದು ಭಾಗವನ್ನು ತೆರೆದರು. ಅಷ್ಟು ವರ್ಷಗಳ ತಾಳ್ಮೆಗೆ ದೊರೆತದ್ದು ಚಿನ್ನವಲ್ಲ, ಬೆಳ್ಳಿಯಲ್ಲ. ಒತ್ತೊತ್ತಾಗಿ ಕಟ್ಟಿ, ಕೆಡವಿ, ಮತ್ತೆ ಕಟ್ಟಿದ ಮರದ ಮನೆಗಳ ಜಾಡುಗಳು ದೊರೆತವು. ಗಡಿಯ ಬಾಳು ಬಡತನದ್ದೇ ಆಗಿದ್ದಿರಬೇಕು. ಆದರೆ ಮರದ ಕೋಟೆಯೆಂದರೆ ಕಲ್ಲು ಬರುವ ತನಕದ ತಾತ್ಕಾಲಿಕ ಏರ್ಪಾಡು ಎಂಬ ಹಳೆಯ ತಿಳಿವಳಿಕೆ ಇಲ್ಲಿ ಸಡಿಲವಾಯಿತು, ಏಕೆಂದರೆ ಈ ಕೋಟೆ ಕಲ್ಲಿನ ಹಂಗಿಲ್ಲದೆ ತಲೆಮಾರುಗಳ ಕಾಲ ಬಾಳಿತ್ತು.

ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ಮಾತ್ರ ಕೋಟೆಯ ಅಡಿಯಲ್ಲಿದ್ದ ನೆಲ. ಅಲ್ಲಿ ನೇಗಿಲ ಸಾಲುಗಳಿದ್ದವು. ನಾರ್ಮನ್ನರು ಬರುವ ಮೊದಲೇ ಯಾರೋ ಉತ್ತು ಬಿತ್ತಿದ್ದ ಹೊಲವದು. ಆದರೆ ಆ ಉಳುಮೆ ನಿಂತುಹೋಗಿ, ನಾರ್ಮನ್ನರು ಬರುವ ಹೊತ್ತಿಗೆ ಇಲ್ಲಿನ ಭೂಮಿ ಪಾಳುಬಿದ್ದು ಬೇಟೆಗೆ ಮೀಸಲಾಗಿತ್ತೆಂದು ಡೂಮ್ಸ್‌ಡೇ ದಫ್ತರ ಹೇಳುತ್ತದೆ.

ರೋಜರನ ಮಗ ರಾಬರ್ಟನು ಬಂಡೆದ್ದು 1102ರಲ್ಲಿ ಎಲ್ಲವನ್ನೂ ಕಳೆದುಕೊಂಡ ಮೇಲೆ ಕೋಟೆಯು ಬಾಲ್ಡ್‌ವಿನ್ ಎಂಬ ಪ್ರಭುವಿನ ಪಾಲಾಗಿ, ಅವನ ವಂಶದವರ ಕೈಯಲ್ಲಿ ಸುಮಾರು ನೂರು ವರ್ಷ ಉಳಿಯಿತು. 1223ರಲ್ಲಿ ಇಂಗ್ಲೆಂಡಿನ ದೊರೆ ಮೂರನೆಯ ಹೆನ್ರಿಯು ಒಂದೂವರೆ ಕಿಲೋಮೀಟರಿನಷ್ಟು ದೂರದ ಬಂಡೆಯ ಮೇಲೆ ಕಲ್ಲಿನ ಕೋಟೆಯನ್ನು ಕಟ್ಟಿಸತೊಡಗಿದನು. 1267ರಲ್ಲಿ, ಕೋಟೆ ಕಾಯುತ್ತಿದ್ದ ಅದೇ ಕಡವಿನಲ್ಲಿ, ಲುವೆಲಿನ್ ಆಪ್ ಗ್ರಿಫಿದ್‌ನನ್ನು ವೇಲ್ಸಿನ ಅಧಿಪತಿ (ಪ್ರಿನ್ಸ್) ಎಂದು ಹೆನ್ರಿಯು ಒಪ್ಪಿಕೊಂಡನು.

ಹೊಸ ಕೋಟೆಯ ನೆರಳಿನಲ್ಲಿ ಬೆಳೆದ ಪಟ್ಟಣವು ಇಂಗ್ಲಿಷಿನಲ್ಲಿ ರೋಜರನ ಮಾಂಟ್‌ಗೊಮರಿಯಾಯಿತು. ವೆಲ್ಷ್ ನುಡಿಯಲ್ಲಿ ಟ್ರೆವಾಲ್ಡ್‌ವಿನ್, ಅಂದರೆ ಬಾಲ್ಡ್‌ವಿನ್ನನ ಊರು ಎನಿಸಿತು. ಹಳೆಯ ಕೋಟೆಯ ಒಡೆಯರಿಬ್ಬರ ಹೆಸರೂ ಹೀಗೆ ಅತ್ತ ಹೋದ ಮೇಲೆ ದಿಬ್ಬಕ್ಕೆ ಉಳಿದದ್ದು ಹೆನ್ ಡೊಮೆನ್ ಎಂಬ ಹೆಸರು. ಆ ಮಾತಿನ ಅರ್ಥ ಇಷ್ಟೇ: ಹಳೆಯ ದಿಬ್ಬ.